ಹಾರಾಟದಲ್ಲಿ ಇಂಧನ ಸೋರಿಕೆ

ಹಾರಾಟದಲ್ಲಿ ಇಂಧನ ಸೋರಿಕೆ ಎಂದರೆ ವಿಮಾನವು ಆಕಾಶದಲ್ಲಿರುವಾಗ ಅದರ ಟ್ಯಾಂಕ್, ಕೊಳವೆ ಅಥವಾ ಎಂಜಿನ್ ಭಾಗದಿಂದ ಇಂಧನವು ಹೊರಕ್ಕೆ ಹರಿದು ನಷ್ಟವಾಗುವ ಸ್ಥಿತಿ. ಇದನ್ನು ಸಾಮಾನ್ಯ ಇಂಧನ ಅಸಮತೋಲನವೆಂದು ತಪ್ಪಾಗಿ ಭಾವಿಸಿದರೆ ಅಪಾಯವು ಹೆಚ್ಚುತ್ತದೆ.

ಪತ್ತೆ

ಸೋರಿಕೆಯ ಮೊದಲ ಲಕ್ಷಣವು ಹಲವು ವೇಳೆ ಎಡ ಮತ್ತು ಬಲ ರೆಕ್ಕೆಗಳ ಟ್ಯಾಂಕ್‌ಗಳ ನಡುವಿನ ಇಂಧನ ವ್ಯತ್ಯಾಸವಾಗಿರುತ್ತದೆ. ಎಂಜಿನ್‌ಗಳು ಅಸಮಾನವಾಗಿ ಇಂಧನ ಬಳಸಿದಾಗಲೂ ಇಂತಹ ವ್ಯತ್ಯಾಸ ಉಂಟಾಗುತ್ತದೆ. ಆದ್ದರಿಂದ ಪೈಲಟ್‌ಗಳು ಉಳಿದಿರುವ ಇಂಧನಕ್ಕೆ ಬಳಕೆಯಾದ ಇಂಧನವನ್ನು ಕೂಡಿಸಿ, ಹೊರಡುವಾಗ ಇದ್ದ ಪ್ರಮಾಣದೊಂದಿಗೆ ಹೋಲಿಸುತ್ತಾರೆ. ಉದಾಹರಣೆಗೆ, 40 ಟನ್ ಇಂಧನದೊಂದಿಗೆ ಹೊರಟ ವಿಮಾನದಲ್ಲಿ 20 ಟನ್ ಬಳಕೆಯಾಗಿ 17 ಟನ್ ಮಾತ್ರ ಉಳಿದಿದ್ದರೆ 3 ಟನ್ ಲೆಕ್ಕಕ್ಕೆ ಸಿಗುವುದಿಲ್ಲ. ಈ ಮೊತ್ತವು ಇಳಿಯುತ್ತಲೇ ಇದ್ದರೆ ಸೋರಿಕೆಯನ್ನು ಶಂಕಿಸಬೇಕಾಗುತ್ತದೆ. ಒಂದು ಎಂಜಿನ್‌ನ ಇಂಧನ ಹರಿವು ಅಸಹಜವಾಗಿ ಹೆಚ್ಚಿರುವುದೂ ಸೋರಿಕೆಯ ಸೂಚನೆಯಾಗಬಹುದು.

ನಿರ್ವಹಣೆ

ಎರಡೂ ಬದಿಯ ಇಂಧನ ವ್ಯವಸ್ಥೆಗಳನ್ನು ಜೋಡಿಸುವ ಕವಾಟವನ್ನು ಕ್ರಾಸ್‌ಫೀಡ್ ಕವಾಟ ಎನ್ನುತ್ತಾರೆ. ಅಸಮತೋಲನವನ್ನು ಸರಿಪಡಿಸಲು ಇದನ್ನು ತೆರೆಯಲಾಗುತ್ತದೆ. ಸೋರಿಕೆಯಿದ್ದಾಗ ಇದನ್ನು ತೆರೆದರೆ ಸುರಕ್ಷಿತ ಬದಿಯ ಇಂಧನವೂ ಸೋರಿಹೋಗಬಹುದು. ಆದ್ದರಿಂದ ಸೋರಿಕೆಯ ಶಂಕೆಯಿದ್ದಾಗ ಕವಾಟವನ್ನು ಮುಚ್ಚಿಡಲಾಗುತ್ತದೆ. ಸೋರಿಕೆಯು ಎಂಜಿನ್‌ನಿಂದಲೇ ಎಂದು ಖಚಿತವಾದರೆ ಆ ಎಂಜಿನ್ ಅನ್ನು ನಿಲ್ಲಿಸಿ, ಸಮೀಪದ ಸೂಕ್ತ ವಿಮಾನ ನಿಲ್ದಾಣದಲ್ಲಿ ಇಳಿಯಲಾಗುತ್ತದೆ.

ಏರ್ ಟ್ರಾನ್ಸಾಟ್ ವಿಮಾನ 236

2001ರ ಆಗಸ್ಟ್ 24ರಂದು ಕೆನಡಾದ ಟೊರಾಂಟೊದಿಂದ ಪೋರ್ಚುಗಲ್‌ನ ಲಿಸ್ಬನ್‌ಗೆ ಹೊರಟಿದ್ದ ಈ ಏರ್‌ಬಸ್ ಎ330 ವಿಮಾನದಲ್ಲಿ 306 ಜನರಿದ್ದರು. ಕೆಲವೇ ದಿನಗಳ ಹಿಂದೆ ಬಲಭಾಗದ ಎಂಜಿನ್ ಬದಲಿಸುವಾಗ ಪರಸ್ಪರ ಹೊಂದಿಕೆಯಾಗದ ಕೊಳವೆಗಳನ್ನು ಅಳವಡಿಸಲಾಗಿತ್ತು. ಹೈಡ್ರಾಲಿಕ್ ಕೊಳವೆಯು ಉಜ್ಜಿದ ಪರಿಣಾಮವಾಗಿ ಇಂಧನ ಕೊಳವೆ ಬಿರುಕುಬಿಟ್ಟಿತು. ಅಸಮತೋಲನದ ಎಚ್ಚರಿಕೆ ಬಂದಾಗ ಸಿಬ್ಬಂದಿಯು ಸೋರಿಕೆಯನ್ನು ಗುರುತಿಸದೆ, ಕೈಪಿಡಿಯನ್ನು ನೋಡದೆ ನೆನಪಿನಿಂದಲೇ ಕ್ರಾಸ್‌ಫೀಡ್ ತೆರೆದರು. ಎಡ ರೆಕ್ಕೆಯ ಇಂಧನವೂ ಸೋರಿಹೋಯಿತು. ಅಟ್ಲಾಂಟಿಕ್ ಸಾಗರದ ಮೇಲೆ ಮೊದಲು ಬಲ, ಅನಂತರ ಎಡ ಎಂಜಿನ್ ಸ್ಥಗಿತಗೊಂಡಿತು. ಕ್ಯಾಪ್ಟನ್ ರಾಬರ್ಟ್ ಪಿಶೆ ಮತ್ತು ಸಹಪೈಲಟ್ ಡಿರ್ಕ್ ಡಿ ಯಾಗರ್ ಸುಮಾರು 19 ನಿಮಿಷಗಳ ಕಾಲ ಎಂಜಿನ್ ಶಕ್ತಿಯಿಲ್ಲದೆ ವಿಮಾನವನ್ನು ತೇಲಿಸಿಕೊಂಡು ಬಂದು ಅಜೋರ್ಸ್ ದ್ವೀಪಸಮೂಹದ ಲಾಜೆಸ್ ವಾಯುನೆಲೆಯಲ್ಲಿ ಇಳಿಸಿದರು. ಕೆಲವರು ಗಾಯಗೊಂಡರೂ ಯಾರೂ ಮೃತಪಡಲಿಲ್ಲ.

ಪರಿಣಾಮ

ಈ ಘಟನೆಯ ಬಳಿಕ ಏರ್‌ಬಸ್ ವಿಮಾನಗಳ ಹಾರಾಟ ಕೈಪಿಡಿಗಳನ್ನು ಪರಿಷ್ಕರಿಸಲಾಯಿತು. ಅಸಮತೋಲನವನ್ನು ಸರಿಪಡಿಸುವ ಮೊದಲು ಸೋರಿಕೆ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕೆಂಬ ಸೂಚನೆಗೆ ಅವುಗಳಲ್ಲಿ ಒತ್ತು ನೀಡಲಾಯಿತು.