ರಾಕ್ಷಸನ ಮಾಯೆಗೂ ಉಂಟು ಲೆಕ್ಕ: ದಾಳದ ಆಟದಲ್ಲಿ ಮಂತ್ರದ ನಿಯಮ

ಮರವಡೆ: ಜಾತ್ರೆಯ ರಾತ್ರಿ ದೊಡ್ಡಾಟ ನೋಡಲು ಕುಳಿತವರಿಗೆ ರಾಕ್ಷಸ ಪಾತ್ರ ರಂಗಕ್ಕೆ ಬರುವ ಮೊದಲೇ ಅದರ ಸುಳಿವು ಸಿಗುತ್ತದೆ. ಪರದೆಯ ಹಿಂದಿನಿಂದ ಆರ್ಭಟ ಕೇಳಿಸುತ್ತದೆ, ಮುಂದೆ ಕುಳಿತ ಮಕ್ಕಳು ಹಿಂದಕ್ಕೆ ಸರಿಯುತ್ತಾರೆ. ಆ ರಾಕ್ಷಸ ಮಾಯವಾಗುತ್ತಾನೆ, ರೂಪ ಬದಲಿಸುತ್ತಾನೆ, ಆಕಾಶಕ್ಕೆ ಹಾರುತ್ತಾನೆ. ಎಷ್ಟು ಸಲ ಹಾರಬಹುದು, ಎಷ್ಟು ಹೊತ್ತು ಕಾಣದಂತೆ ಇರಬಹುದು ಎಂದು ಯಾರೂ ಕೇಳುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು, ಕೊನೆಗೆ ಅವನು ಸಾಯುವುದೂ ಗೊತ್ತು.

ಆದರೆ ಕೊನೆ ಏನೆಂದು ಯಾರಿಗೂ ಗೊತ್ತಿಲ್ಲದ ಒಂದು ಆಟವಿದೆ. ಅಲ್ಲಿ ಅದೇ ರಾಕ್ಷಸ ಬಂದಾಗ ಈ ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ. ಅದರ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು 1974ರಲ್ಲಿ ಹೊರತಂದ ಆಟ ಇದು. ಪುಣೆ, ಬೆಂಗಳೂರಿಗೆ ಓದಲು ಹೋದ ಮಕ್ಕಳು ರಜೆಗೆ ಊರಿಗೆ ಬರುವಾಗ ಇಪ್ಪತ್ತು ಮುಖದ ದಾಳವನ್ನೂ ಹುಲಿಮುಖದ ಚಿತ್ರವಿರುವ ದಪ್ಪ ಪುಸ್ತಕವನ್ನೂ ಚೀಲದಲ್ಲಿ ತಂದರೆ ಮನೆಯ ಹಿರಿಯರು ಗಾಬರಿಯಾಗಬೇಕಿಲ್ಲ.

ಆಡುವ ರೀತಿ ಸರಳ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ಒಬ್ಬ ವೀರನ ಪಾತ್ರ ವಹಿಸುತ್ತಾರೆ. ಅವರಲ್ಲೊಬ್ಬ ಮಾತ್ರ ಡಂಜನ್ ಮಾಸ್ಟರ್. ದೊಡ್ಡಾಟದ ಭಾಗವತನಂತೆ ಕಥೆ ನಡೆಸುವವನು ಅವನೇ. ದಾರಿಹೋಕರು, ಅಂಗಡಿಯವರು, ರಾಕ್ಷಸರು ಎಲ್ಲರ ಮಾತನ್ನೂ ಅವನೇ ಆಡುತ್ತಾನೆ. ಮಾಡಿದ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಚೌಕಾಬಾರಾದಲ್ಲಿ ಕವಡೆ ಹೇಳುವುದಿಲ್ಲವೇ, ಹಾಗೆ.

ತೊಡಕು ಇರುವುದು ಇಲ್ಲೇ. ತೀರ್ಪು ಕೊಡುವವನೂ ಅವನೇ, ರಾಕ್ಷಸನನ್ನು ಆಡಿಸುವವನೂ ಅವನೇ. ಅವನು ಮನಸ್ಸಿಗೆ ಬಂದಾಗಲೆಲ್ಲ "ರಾಕ್ಷಸ ಮಂತ್ರ ಹಾಕಿದ, ನೀವೆಲ್ಲ ಸತ್ತಿರಿ" ಎಂದರೆ ಎರಡನೆಯ ದಿನ ಆಡಲು ಯಾರೂ ಬರುವುದಿಲ್ಲ. ಆದ್ದರಿಂದ ಪ್ರತಿಯೊಂದು ರಾಕ್ಷಸ, ಭೂತ, ಮಾಂತ್ರಿಕನ ಪುಟದಲ್ಲೂ ಯಾವ ಮಂತ್ರ, ಎಷ್ಟು ಸಲ, ತಪ್ಪಿಸಿಕೊಳ್ಳುವುದು ಹೇಗೆ ಎಂಬುದನ್ನು ಬರೆದಿಡಲಾಗಿದೆ.

ಉದಾಹರಣೆಗೆ ರಾಕ್ಷಸನನ್ನೇ ತೆಗೆದುಕೊಳ್ಳಬಹುದು. ಹೆಸರನ್ನು ಬದಲಿಸದೆ ನಮ್ಮ ಪುರಾಣದಿಂದಲೇ ಎತ್ತಿಕೊಂಡಿದ್ದಾರೆ. 1977ರ ಮಾನ್‌ಸ್ಟರ್ ಮ್ಯಾನ್ಯುಅಲ್ ಎಂಬ ಪುಸ್ತಕದಲ್ಲಿ ಅವನು ಹುಲಿಮುಖ ಹೊತ್ತು, ಸಾಹೇಬರಂತೆ ಕೋಟು ತೊಟ್ಟು, ಪೈಪ್ ಸೇದುತ್ತ ಕುಳಿತಿದ್ದಾನೆ. ಈ ರೂಪ ನೇರವಾಗಿ ರಾಮಾಯಣದಿಂದ ಬಂದದ್ದಲ್ಲ. 1974ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ಕೋಲ್ಚಾಕ್ ಎಂಬ ಭಯದ ಧಾರಾವಾಹಿಯ ಒಂದು ಕಂತಿನ ಪ್ರಭಾವ ಅದರ ಮೇಲಿದೆ. ನೋಡುವವನ ಆಪ್ತರ ರೂಪದಲ್ಲಿ ಬರುವ, ಮಂತ್ರಿಸಿದ ಬಾಣಕ್ಕೆ ಸಾಯುವ ರಾಕ್ಷಸ ಆ ಕಂತಿನಲ್ಲಿದ್ದ. ಆಟದ ರಾಕ್ಷಸನ ಅಂಗೈಗಳು ಹಿಂದುಮುಂದಾಗಿರುತ್ತವೆ. ದೆವ್ವದ ಪಾದ ಹಿಂದುಮುಂದು ಎಂದು ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ.

2014ರ ಆವೃತ್ತಿಯ ಪ್ರಕಾರ ಅವನ ಲೆಕ್ಕ ಹೀಗಿದೆ. ಸೋಗು ಹಾಕುವುದು (ಮರಾಠಿಯ ಸೋಂಗ), ಎದುರಿನವರ ಮನಸ್ಸು ಓದುವುದು, ಸಣ್ಣಪುಟ್ಟ ಭ್ರಮೆ ಹುಟ್ಟಿಸುವುದು ಇವನ್ನು ಎಷ್ಟು ಸಲ ಬೇಕಾದರೂ ಮಾಡಬಹುದು. ಅದೃಶ್ಯನಾಗುವುದು, ಮೋಡಿ ಮಾಡುವುದು, ದೊಡ್ಡ ಭ್ರಮೆ ತೋರಿಸುವುದು ಇವು ದಿನಕ್ಕೆ ತಲಾ ಮೂರು ಸಲ. ಹಾರುವುದು, ಮನುಷ್ಯನನ್ನು ಪೂರ್ತಿ ವಶ ಮಾಡಿಕೊಳ್ಳುವುದು, ಬೇರೆ ಲೋಕಕ್ಕೆ ಜಿಗಿಯುವುದು ದಿನಕ್ಕೆ ತಲಾ ಒಂದೇ ಸಲ. ಇವು ಹುಟ್ಟಿನಿಂದ ಬಂದ ಶಕ್ತಿಗಳಾದ್ದರಿಂದ ಮಾಂತ್ರಿಕರಿಗೆ ಬೇಕಾಗುವ ಬೂದಿ, ಬೇರು, ಗರಿ ಮುಂತಾದ ಸಾಮಗ್ರಿ ಅವನಿಗೆ ಬೇಡ.

ಇಷ್ಟಕ್ಕೇ ಮುಗಿಯಲಿಲ್ಲ. ಕೆಲವು ಮಂತ್ರಗಳಿಗೆ ಏಕಾಗ್ರತೆ ಬೇಕು, ಒಂದು ಹೊತ್ತಿಗೆ ಅಂಥ ಒಂದೇ ಮಂತ್ರ ನಿಲ್ಲುತ್ತದೆ. ಅದೃಶ್ಯನಾಗಲೂ ಏಕಾಗ್ರತೆ ಬೇಕು, ಹಾರಲೂ ಬೇಕು, ವಶೀಕರಣಕ್ಕೂ ಬೇಕು. ಅಂದರೆ ಮಾಯವಾಗಿದ್ದ ರಾಕ್ಷಸ ಹಾರಬೇಕೆಂದರೆ ಮೊದಲು ಕಾಣಿಸಿಕೊಳ್ಳಲೇಬೇಕು. ಅದೃಶ್ಯನಾಗಿಯೇ ಹೊಡೆಯಲು ಹೋದರೂ ಮಾಯೆ ಹರಿಯುತ್ತದೆ. ಅವನಿಗೆ ಪೆಟ್ಟು ಬಿದ್ದರೆ ದಾಳ ಹಾಕಬೇಕು, ಹತ್ತು ಅಥವಾ ಬಿದ್ದ ಪೆಟ್ಟಿನ ಅರ್ಧ, ಇವೆರಡರಲ್ಲಿ ಯಾವುದು ದೊಡ್ಡದೋ ಅದನ್ನು ಮುಟ್ಟಬೇಕು. ಇಲ್ಲವಾದರೆ ಏಕಾಗ್ರತೆ ಮುರಿಯಿತು, ಅದಕ್ಕೆ ಕಟ್ಟಿದ ಮಂತ್ರವೂ ಹೋಯಿತು. ಜಾಣ ಆಟಗಾರರು ರಾಕ್ಷಸನನ್ನು ಕೊಲ್ಲುವ ಮೊದಲು ಅವನ ಗಮನ ಮುರಿಯಲು ನೋಡುತ್ತಾರೆ.

ವೀರನ ಮೇಲೆ ಮಂತ್ರ ಬಿದ್ದಾಗ ಅವನಿಗೂ ಒಂದು ಅವಕಾಶ ಉಂಟು. ಈ ರಾಕ್ಷಸನ ಮಂತ್ರಕ್ಕೆ ಗೊತ್ತು ಮಾಡಿದ ಅಂಕ 18. ಇದು ಗಾಳಿಯಲ್ಲಿ ಬಂದ ಅಂಕವಲ್ಲ. ಎಲ್ಲರಿಗೂ ಸಮಾನವಾದ 8, ಅವನ ಪಳಗಿದ ಕೈಗೆ 5, ಅವನ ವರ್ಚಸ್ಸಿಗೆ 5 ಸೇರಿ 18. ಮನೋಬಲಕ್ಕೆ 2 ಅಂಕ ಇರುವ ವೀರ ಇಪ್ಪತ್ತು ಮುಖದ ದಾಳದಲ್ಲಿ 16 ಅಥವಾ ಹೆಚ್ಚು ಹಾಕಬೇಕು. ಇಪ್ಪತ್ತು ಮುಖಗಳಲ್ಲಿ ಐದು ಮಾತ್ರ ಅವನ ಕಡೆಗಿವೆ. 8 ಅಂಕ ಇರುವವನಿಗೆ 10 ಸಾಕು, ಹನ್ನೊಂದು ಮುಖಗಳು ಅವನ ಕಡೆಗಿವೆ. ಯಾರನ್ನು ಮುಂದೆ ನಿಲ್ಲಿಸಬೇಕು ಎಂಬ ಜಗಳ ಆಟದಲ್ಲಿ ಹುಟ್ಟುವುದು ಈ ಲೆಕ್ಕದಿಂದಲೇ.

ಮಂತ್ರಕ್ಕೆ ಎಣಿಕೆ ಹಾಕುವ ಯೋಚನೆ ಆಟಕ್ಕೆ ಬಂದದ್ದು ಜ್ಯಾಕ್ ವ್ಯಾನ್ಸ್ ಎಂಬ ಕಾದಂಬರಿಕಾರನಿಂದ. 1950ರ ಅವನ ಡೈಯಿಂಗ್ ಅರ್ಥ್ ಎಂಬ ಪುಸ್ತಕದಲ್ಲಿ ಮಾಂತ್ರಿಕರು ಮಂತ್ರವನ್ನು ಬಾಯಿಪಾಠ ಮಾಡುತ್ತಾರೆ, ಒಮ್ಮೆ ಪ್ರಯೋಗಿಸಿದರೆ ಅದು ನೆನಪಿನಿಂದ ಅಳಿಸಿಹೋಗುತ್ತದೆ. ಇದನ್ನು ಓದಿದ ಯಾರಿಗಾದರೂ ಪರಶುರಾಮನ ಶಾಪ ನೆನಪಾಗದಿರದು. ಬೇಕಾದ ಹೊತ್ತಿಗೇ ಕರ್ಣನಿಗೆ ಬ್ರಹ್ಮಾಸ್ತ್ರದ ಮಂತ್ರ ಮರೆತುಹೋಯಿತು. ಅದೇ ಕರ್ಣನ ಬಳಿ ಇಂದ್ರ ಕೊಟ್ಟ ಶಕ್ತಿಯೂ ಇತ್ತು, ಅದಕ್ಕೆ ಒಂದೇ ಸಲ ಎಂಬ ಷರತ್ತು. ಅರ್ಜುನನಿಗೆಂದು ಕಾದಿಟ್ಟದ್ದನ್ನು ಯುದ್ಧದ ಹದಿನಾಲ್ಕನೆಯ ರಾತ್ರಿ ಘಟೋತ್ಕಚನ ಮೇಲೆ ಖರ್ಚು ಮಾಡಬೇಕಾಯಿತು. ರಾತ್ರಿಯಾದರೆ ರಾಕ್ಷಸರ ಬಲ ಹೆಚ್ಚುತ್ತದೆ ಎಂಬ ನಿಯಮವೂ ಅಲ್ಲಿಯದೇ. ಡಂಜನ್ ಮಾಸ್ಟರ್ ಕುರ್ಚಿಯಲ್ಲಿ ಅಂದು ಯಾರು ಕುಳಿತಿದ್ದರು ಎಂಬುದನ್ನು ಬೇರೆ ಹೇಳಬೇಕಿಲ್ಲ. ಕೃಷ್ಣ ಆ ರಾತ್ರಿ ಸಂತೋಷಪಟ್ಟದ್ದೂ ಅದಕ್ಕೇ.

ಆಟದ ನಿಯಮಗಳು ನಿಂತಲ್ಲೇ ನಿಂತಿಲ್ಲ. 2014ರ ಪುಸ್ತಕದಲ್ಲಿ ಮನುಷ್ಯ ಮಾಂತ್ರಿಕ ಎದುರಾಳಿಯಾದರೆ ಅವನಿಗೆ ಸ್ಲಾಟ್ ಎಂಬ ಖಾನೆಗಳಿದ್ದವು. ಮೊದಲ ಹಂತದ ನಾಲ್ಕು, ಎರಡು, ಮೂರು ಮತ್ತು ನಾಲ್ಕನೆಯ ಹಂತಕ್ಕೆ ಮೂರು ಮೂರು, ಐದನೆಯದಕ್ಕೆ ಒಂದು. ಒಟ್ಟು ಹದಿನಾಲ್ಕು ಖಾನೆ, ಅದಕ್ಕೆ ಹೊಂದುವ ಉದ್ದನೆಯ ಮಂತ್ರಪಟ್ಟಿ. ಅವನ ಆಯುಷ್ಯವೋ ನಲವತ್ತು ಅಂಕ, ಮೂರ್ನಾಲ್ಕು ಸುತ್ತಿನಲ್ಲಿ ಕಥೆ ಮುಗಿಯುತ್ತದೆ. ಅಷ್ಟರೊಳಗೆ ಹದಿನಾಲ್ಕು ಖಾನೆಯನ್ನು ಖರ್ಚು ಮಾಡುವುದೆಂತು? ಡಂಜನ್ ಮಾಸ್ಟರ್ ಪುಟ ತಿರುವುತ್ತ ಕೂತರೆ ಉಳಿದವರು ಚಹಾ ಕುಡಿಯಲು ಎದ್ದು ಹೋಗುತ್ತಾರೆ.

ಹೀಗಾಗಿ 2022ರಲ್ಲಿ ಬಂದ ಮಾನ್‌ಸ್ಟರ್ಸ್ ಆಫ್ ದ ಮಲ್ಟಿವರ್ಸ್ ಪುಸ್ತಕದಲ್ಲಿ ಎದುರಾಳಿಗಳ ಖಾನೆಗಳನ್ನು ತೆಗೆದುಹಾಕಿ ಎಲ್ಲರನ್ನೂ ರಾಕ್ಷಸನ ಮಾದರಿಗೆ ತಂದರು. ಬೇಕಾದಷ್ಟು ಸಲ, ದಿನಕ್ಕೆ ಇಷ್ಟು ಸಲ, ಅಷ್ಟೇ. 2025ರ ಹೊಸ ಮಾನ್‌ಸ್ಟರ್ ಮ್ಯಾನ್ಯುಅಲ್ ಕೂಡ ಅದೇ ದಾರಿ ಹಿಡಿದಿದೆ. ಕೆಲಸ ಹಗುರವಾಯಿತು ನಿಜ, ಆದರೆ ಒಂದು ತಕರಾರೂ ಹುಟ್ಟಿತು. ವೀರರ ಕಡೆಯ ಮಾಂತ್ರಿಕನಿಗೆ ಕೌಂಟರ್‌ಸ್ಪೆಲ್ ಎಂಬ ತಡೆಮಂತ್ರ ಉಂಟು, ಎದುರಾಳಿ ಮಂತ್ರ ಹಾಕುವಾಗ ನಡುವೆಯೇ ಅದನ್ನು ಕೆಡಿಸಬಹುದು. ಹೊಸ ಪುಸ್ತಕದಲ್ಲಿ ಎದುರಾಳಿಗಳಿಗೆ ಆರ್ಕೇನ್ ಬರ್ಸ್ಟ್‌ನಂಥ ಹೊಡೆತಗಳನ್ನು ಕೊಟ್ಟಿದ್ದಾರೆ. ಅದು ಮಾಯೆಯಂತೆಯೇ ಕಾಣುತ್ತದೆ, ಮಾಯೆಯಂತೆಯೇ ಸುಡುತ್ತದೆ, ಆದರೆ ಪುಸ್ತಕದ ಪ್ರಕಾರ ಮಂತ್ರವಲ್ಲ. ಮಂತ್ರವಲ್ಲದ್ದನ್ನು ತಡೆಮಂತ್ರ ತಡೆಯುವುದಿಲ್ಲ. ಆಟಗಾರ ಕಷ್ಟಪಟ್ಟು ಕಲಿತ ವಿದ್ಯೆ ಅರ್ಧಕ್ಕರ್ಧ ವ್ಯರ್ಥವಾಯಿತು ಎಂಬ ದೂರಿನಲ್ಲಿ ಸತ್ಯವಿದೆ ಎಂದೇ ಹೇಳಬೇಕು. ನಿಯಮ ಸರಳವಾಗಬೇಕು ಸರಿ, ಅದಕ್ಕೆ ಒಂದೇ ಕಡೆಯವರು ಬೆಲೆ ತೆರುವುದು ಸರಿಯಲ್ಲ.

ಇನ್ನು ಕೊಲ್ಲುವ ದಾರಿ. 2014ರ ರಾಕ್ಷಸನಿಗೆ ಆರನೆಯ ಹಂತದವರೆಗಿನ ಯಾವ ಮಂತ್ರವೂ ಅವನ ಇಷ್ಟವಿಲ್ಲದೆ ತಟ್ಟುವುದಿಲ್ಲ, ಆಟದಲ್ಲಿ ಇರುವುದೇ ಒಂಬತ್ತು ಹಂತ. ಸಾಮಾನ್ಯ ಕತ್ತಿ, ಬಾಣ, ಗದೆಯೂ ನಾಟುವುದಿಲ್ಲ. ಆದರೆ ಸಜ್ಜನನ ಕೈಯಲ್ಲಿರುವ, ಮಂತ್ರಬಲದ, ಚುಚ್ಚುವ ಆಯುಧ ತಗಲಿದರೆ ಪೆಟ್ಟು ಇಮ್ಮಡಿ. ಆಯುಧ ಸರಿಯಿದ್ದು ಹಿಡಿದವನು ದುರುಳನಾದರೆ ಇಮ್ಮಡಿ ಇಲ್ಲ. ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ ಎಂದು ವರ ಪಡೆದ ಹಿರಣ್ಯಕಶಿಪುವಿನ ಕಥೆ ಕೇಳಿದ ಮಕ್ಕಳಿಗೆ ಈ ಸಾಲು ಬೇಗ ಅರ್ಥವಾಗುತ್ತದೆ.

ಮಂತ್ರ, ರಾಕ್ಷಸ ಎಂಬ ಮಾತು ಕೇಳಿ ಮನೆಯವರಿಗೆ ಅನುಮಾನ ಬರುವುದು ಸಹಜ. ಮಹಾರಾಷ್ಟ್ರದಲ್ಲಿ 2013ರಿಂದ, ಕರ್ನಾಟಕದಲ್ಲಿ 2020ರಿಂದ ಮಾಟಮಂತ್ರ ತಡೆ ಕಾಯ್ದೆ ಜಾರಿಯಲ್ಲಿರುವ ಗಡಿಭಾಗ ಇದು. ಆ ಕಾಯ್ದೆಗಳು ಬಂದದ್ದು ಶಕ್ತಿಯಿದೆ ಎಂದು ನಂಬಿಸಿ ಜನರನ್ನು ಸುಲಿಯುವ, ಹಿಂಸಿಸುವ ಅನಿಷ್ಟಗಳನ್ನು ತಡೆಯಲು. ಆಟದ ಪುಸ್ತಕದಲ್ಲಿ ಉಚ್ಚರಿಸುವ ಮಂತ್ರದ ಅಕ್ಷರ ಒಂದೂ ಇಲ್ಲ. ಇರುವುದು ಹೆಸರು, ಎಷ್ಟು ಅಡಿ ದೂರ, ಎಷ್ಟು ನಿಮಿಷ, ಎಷ್ಟು ದಾಳ ಎಂಬ ವಿವರ ಮಾತ್ರ. ಅಮೆರಿಕದಲ್ಲೂ 1980ರ ದಶಕದಲ್ಲಿ ಇದು ಸೈತಾನನ ಪೂಜೆ ಎಂದು ಗದ್ದಲವೆದ್ದಿತ್ತು. ಅದಕ್ಕೆ ಅಂಜಿದ ಕಂಪನಿ 1989ರ ಆವೃತ್ತಿಯಲ್ಲಿ ತಮ್ಮ ದೆವ್ವಗಳ ಹೆಸರನ್ನೇ ಬದಲಿಸಿತು. ನಮ್ಮ ರಾಕ್ಷಸನ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಪುಸ್ತಕದ ಬೆಲೆ ಹೆಚ್ಚು ಎನ್ನುವವರಿಗೆ ಒಂದು ಅನುಕೂಲವಿದೆ. 2023ರ ಜನವರಿಯಲ್ಲಿ ಮೂಲ ನಿಯಮಗಳ ಒಂದು ಭಾಗವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ, ರಾಕ್ಷಸನ ಪುಟವೂ ಅದರಲ್ಲಿದೆ. ಮೂಲದ ಹೆಸರು ನಮೂದಿಸಿ ಯಾರು ಬೇಕಾದರೂ ಅದನ್ನು ಕನ್ನಡಕ್ಕೋ ಮರಾಠಿಗೋ ತಂದುಕೊಳ್ಳಬಹುದು. ಎರಡೂ ಭಾಷೆ ಬಲ್ಲವರು ಒಂದೇ ಮೇಜಿಗೆ ಕುಳಿತರೆ ದಾಳ ಎನ್ನಬೇಕೋ ಫಾಸಾ ಎನ್ನಬೇಕೋ ಎಂಬುದು ಮೊದಲ ವಾದವಾದೀತು. ಸೋಗಿಗೆ ಮಾತ್ರ ಆ ತೊಂದರೆ ಬಾರದು, ಸೋಂಗ ಎಂದರೂ ಮೇಜಿನ ಸುತ್ತ ಕುಳಿತ ಎಲ್ಲರಿಗೂ ತಿಳಿಯುತ್ತದೆ.