‘1821ರಲ್ಲಿ ಸ್ವತಂತ್ರಳಾಗಿ ಬಂದವಳು’

1828ರ ನ್ಯೂ ಸೌತ್ ವೇಲ್ಸ್ ಜನಗಣತಿಯಲ್ಲಿ ಸಿಡ್ನಿಯ ವ್ಯಾಪಾರಿ ಮೇರಿ ರೀಬಿ ತನ್ನ ಬಗ್ಗೆ ಬರೆಸಿದ್ದು: 1821ರಲ್ಲಿ ಸ್ವತಂತ್ರಳಾಗಿ ಬಂದವಳು. ಪೂರಾ ಸುಳ್ಳೇನಲ್ಲ. ಆದರೆ ಅದು ಆಕೆ ಎರಡನೇ ಸಲ ಬಂದ ವರ್ಷ. ಮೊದಲ ಸಲ, 1792ರ ಅಕ್ಟೋಬರಿನಲ್ಲಿ, ‘ರಾಯಲ್ ಅಡ್ಮಿರಲ್’ ಹಡಗು ಆಕೆಯನ್ನು ಕೈದಿಯಾಗಿ ತಂದಿಳಿಸಿತ್ತು.

ಈಕೆಯ ಬೇರು ಹುಡುಕುತ್ತ ಇಂಗ್ಲೆಂಡಿಗೆ ಹೋದರೆ ಮತ್ತೊಂದು ಗಂಟು. ಕುದುರೆ ಕದ್ದು ಸಿಕ್ಕಿಬಿದ್ದದ್ದು ಜೇಮ್ಸ್ ಬರೋ ಎಂಬ ಹುಡುಗ! ಅವನೇ ಗಂಡುವೇಷದ ಮೇರಿ ಹೇಡಾಕ್. 1777ರಲ್ಲಿ ಲ್ಯಾಂಕಾಷೈರ್‌ನಲ್ಲಿ ಹುಟ್ಟಿದವಳು. 1791ರಲ್ಲಿ ಸ್ಟಾಫರ್ಡ್ ನ್ಯಾಯಾಲಯ 7 ವರ್ಷ ಗಡೀಪಾರು ಮಾಡಿದಾಗ ವಯಸ್ಸು ಹದಿನಾಲ್ಕು. ಒಬ್ಬಳೇ ಹೆಂಗಸು, ಕಡತಕ್ಕೊಂದು ಅವತಾರ.

1794ರಲ್ಲಿ ಆಕೆ ಕೈಹಿಡಿದ ಥಾಮಸ್ ರೀಬಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದವನು. ದಂಪತಿಗೆ ಹಾಕ್ಸ್‌ಬರಿ ನದಿಯ ದಂಡೆಯಲ್ಲಿ ಜಮೀನು ಮಂಜೂರಾಯಿತು. ಮಂಜೂರು ಮಾಡಿದವರು ಅಲ್ಲಿನ ಮೂಲನಿವಾಸಿ ದಾರುಗ್ ಜನರನ್ನು ಕೇಳಿರಲಿಲ್ಲ. ಮುಂದೆ ದೋಣಿಸಾಗಣೆ, ಕಲ್ಲಿದ್ದಲು, ಮರದ ವ್ಯಾಪಾರ ಕುದುರಿದವು. ಸಿಡ್ನಿಯಲ್ಲಿ ಕಟ್ಟಿಸಿದ ಮನೆಗೆ ಇಟ್ಟ ಹೆಸರು ‘ಎಂಟಾಲಿ’. ಅದು ಕಲ್ಕತ್ತೆಯ ಒಂದು ಬಡಾವಣೆ! ಮಗ ಟಾಸ್ಮೇನಿಯಾದಲ್ಲಿ ಮಾಡಿಕೊಂಡ ಎಸ್ಟೇಟಿಗೂ ಅದೇ ಹೆಸರು ಹೋಯಿತು.

1811ರಲ್ಲಿ ಥಾಮಸ್ ತೀರಿಕೊಂಡ. ಏಳು ಮಕ್ಕಳು, ಹಡಗುಗಳು, ಅಂಗಡಿ ಎಲ್ಲವೂ ಮೇರಿಯ ತಲೆಯ ಮೇಲೆ. ಆಕೆ ವ್ಯವಹಾರವನ್ನು ಬೆಳೆಸಿದಳು. 1817ರಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಬಾಗಿಲು ತೆರೆದದ್ದೂ ಆಕೆಯ ಕಟ್ಟಡದಲ್ಲೇ. ಮೊಮ್ಮಗ ಥಾಮಸ್ 1876ರಲ್ಲಿ ಟಾಸ್ಮೇನಿಯಾದ ಪ್ರೀಮಿಯರ್ ಆದ. 1994ರಿಂದ ಆಸ್ಟ್ರೇಲಿಯದ 20 ಡಾಲರ್ ನೋಟಿನ ಮೇಲೆ ಅಜ್ಜಿಯ ಮುಖವಿದೆ: ತಲೆಗೆ ಕುಲಾವಿ, ಮೂಗಿನ ಮೇಲೆ ಕನ್ನಡಕ.

ಜನಗಣತಿ ಮುಚ್ಚಿಟ್ಟದ್ದನ್ನು ಒಂದು ಕಾಗದ ಉಳಿಸಿಕೊಂಡಿದೆ. ಸಿಡ್ನಿ ತಲುಪಿದಾಗ ಮೇರಿ ಊರಿನ ಅತ್ತೆಗೆ ಬರೆದದ್ದು. ಈಗ ನ್ಯೂ ಸೌತ್ ವೇಲ್ಸ್‌ನ ರಾಜ್ಯ ಗ್ರಂಥಾಲಯದಲ್ಲಿದೆ. ಎರಡು ಮೂರು ವರ್ಷದಲ್ಲಿ ಹೇಗಾದರೂ ಇಲ್ಲಿಂದ ಪಾರಾಗುತ್ತೇನೆ ಎಂದು ಹುಡುಗಿ ಅದರಲ್ಲಿ ಹೇಳಿಕೊಂಡಿದ್ದಳು. ಕೊನೆಗೆ ಊರು ನೋಡಿದ್ದು 1820ರಲ್ಲಿ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು. ಮರುವರ್ಷ ತಾನೇ ಟಿಕೆಟ್ಟಿನ ದುಡ್ಡು ಕೊಟ್ಟು ಸಿಡ್ನಿಯ ಹಡಗು ಹತ್ತಿದಳು.