ದುಂಡು ಬೊಂಬೆ, ಚೌಕದ ಚುಕ್ಕಿ

ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತು ಬೊಂಬೆ ಮಾಡುವವರಿಗೆ ಒಂದು ಕಟ್ಟುಪಾಡಿದೆ. ಮಾಡುವುದೆಲ್ಲ ದುಂಡಗಿರಬೇಕು. ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಉಳಿ ಎಲ್ಲಿ ತಾಗಿದರೂ ಅಲ್ಲಿ ಸುತ್ತಲೂ ಒಂದೇ ಸಮ ಸವೆಯುತ್ತದೆ. ಹಾಗಾಗಿ ಬೆರಳು ಬಿಡಿಸುವಂತಿಲ್ಲ, ಸೀರೆಯ ನೆರಿಗೆ ಕೆತ್ತುವಂತಿಲ್ಲ. ತಲೆಗೊಂದು ಗುಂಡು, ಮೈಗೊಂದು ಉರುಳೆ, ಮೇಲೆರಡು ಚುಕ್ಕಿ ಇಟ್ಟರೆ ಕಣ್ಣು. ಅಷ್ಟರಲ್ಲೇ ರಾಜ, ರಾಣಿ, ಪೊಲೀಸು, ಮದುಮಗಳು ಎಲ್ಲರೂ ಹುಟ್ಟಬೇಕು. ಹುಟ್ಟುತ್ತಾರೆ ಕೂಡ. ಮಗು ಅವರಲ್ಲಿ ಯಾರನ್ನೂ ಗುರುತಿಸದೆ ಬಿಡುವುದಿಲ್ಲ.

ಇಂಥದ್ದೇ ಇಕ್ಕಟ್ಟು ಅಮೆರಿಕದ ಎಂಜಿನಿಯರ್ ರಾಲ್ಫ್ ಬೇರ್ ಅವರಿಗೂ ಎದುರಾಗಿತ್ತು. ಮನೆಯ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಯೊಂದನ್ನು ಅವರು ರೂಪಿಸಿದ್ದರು. 1972ರಲ್ಲಿ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಅದೇ ಜಗತ್ತಿನ ಮೊದಲ ಮನೆಬಳಕೆಯ ವಿಡಿಯೋ ಗೇಮ್. ಅದರೊಳಗೆ ಕಂಪ್ಯೂಟರ್ ಚಿಪ್ ಇರಲಿಲ್ಲ. ಸದ್ದಿಲ್ಲ, ಬಣ್ಣವಿಲ್ಲ. ಪರದೆಯ ಮೇಲೆ ಮೂಡುತ್ತಿದ್ದುದು ಮೂರು ಬಿಳಿ ಚೌಕ, ಒಂದು ಗೆರೆ. ಉಳಿದದ್ದಕ್ಕೆಲ್ಲ ಪೆಟ್ಟಿಗೆಯ ಜೊತೆ ಬಣ್ಣದ ಪ್ಲಾಸ್ಟಿಕ್ ಹಾಳೆಗಳನ್ನು ಕೊಡುತ್ತಿದ್ದರು. ಟೆನಿಸ್ ಅಂಗಳದ ಹಾಳೆಯನ್ನು ಟಿವಿಯ ಗಾಜಿಗೆ ಅಂಟಿಸಿದರೆ ಚೌಕವೇ ಚೆಂಡು. ದೆವ್ವದ ಮನೆಯ ಹಾಳೆ ಅಂಟಿಸಿದರೆ ಅದೇ ಚೌಕ ದೆವ್ವ. ಜೊತೆಗೆ ದಾಳ ಇತ್ತು, ಇಸ್ಪೀಟಿನಂಥ ಎಲೆಗಳಿದ್ದವು. ಪಗಡೆ, ಚೌಕಾಬಾರ ಬಲ್ಲ ಮನೆಯವರಿಗೆ ಈ ಪೆಟ್ಟಿಗೆ ಹೊಸದೆನಿಸುತ್ತಿರಲಿಲ್ಲ. ಯಾಕೆಂದರೆ ಯಾರಿಗೆ ಎಷ್ಟು ಅಂಕ ಎಂದು ಯಂತ್ರ ಲೆಕ್ಕ ಇಡುತ್ತಿರಲಿಲ್ಲ. ಲೆಕ್ಕ, ಜಗಳ, ತೀರ್ಪು ಎಲ್ಲವೂ ಆಡುವವರದೇ.

ಅದೇ ವರ್ಷ ಅಟಾರಿ ಕಂಪನಿಯ ಅಲನ್ ಆಲ್ಕಾರ್ನ್ ‘ಪಾಂಗ್’ ಮಾಡಿದರು. ಎರಡು ಗೆರೆ ಎಂದರೆ ಎರಡು ಬ್ಯಾಟು, ಒಂದು ಚೌಕ ಎಂದರೆ ಚೆಂಡು. ಕ್ಯಾಲಿಫೋರ್ನಿಯಾದ ಸನ್ನಿವೇಲ್ ಊರಿನ ಒಂದು ಪಾನಗೃಹದಲ್ಲಿ ಪರೀಕ್ಷೆಗೆಂದು ಇಟ್ಟ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟು ನಿಂತಿತು. ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ, ನಾಣ್ಯದ ಡಬ್ಬಿ ತುಂಬಿ ಸಿಕ್ಕಿಕೊಂಡಿತ್ತು. ಕಾಸು ಹಾಕಿ ಆಡುವ ವಿಡಿಯೋ ಗೇಮ್ ಯಂತ್ರಗಳ ಕಾಲ ನಿಜಕ್ಕೂ ಶುರುವಾದದ್ದು ಆ ಡಬ್ಬಿಯಿಂದ.

ಯಂತ್ರದ ಬಡತನವೇ ಆಟದ ಜೀವಾಳವಾದ ಕತೆ 1978ರ ‘ಸ್ಪೇಸ್ ಇನ್ವೇಡರ್ಸ್’ನದು. ಜಪಾನಿನ ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ಅದನ್ನು ಕಟ್ಟಿದರು. ಏಡಿ, ಆಕ್ಟೋಪಸ್‌ಗಳ ಹೋಲಿಕೆಯ 55 ಅನ್ಯಲೋಕದ ಜೀವಿಗಳು ಸಾಲುಗಟ್ಟಿ ಮೇಲಿನಿಂದ ಇಳಿಯುತ್ತವೆ, ಕೆಳಗಿನಿಂದ ಅವುಗಳಿಗೆ ಗುಂಡು ಹೊಡೆಯಬೇಕು. ಅಷ್ಟನ್ನೂ ಬಿಡಿಸುವಷ್ಟರಲ್ಲಿ ಅಂದಿನ ಚಿಪ್ ಏದುಸಿರು ಬಿಡುತ್ತಿತ್ತು. ಒಂದೊಂದೇ ಜೀವಿ ಸತ್ತಂತೆ ಅದರ ಹೊರೆ ತಗ್ಗಿ, ಉಳಿದವು ಬೇಗ ಬೇಗ ಸರಿಯತೊಡಗಿದವು. ಕೊನೆಗೆ ಉಳಿದ ಒಂದೇ ಒಂದು ಜೀವಿ ಹುಚ್ಚು ಹಿಡಿದಂತೆ ಓಡುತ್ತದೆ. ಗೆಲುವು ಹತ್ತಿರವಾದಷ್ಟೂ ಆಟ ಕಠಿಣವಾಗುವ ಈ ಏರ್ಪಾಟನ್ನು ಯಾರೂ ಮೊದಲೇ ಯೋಚಿಸಿ ಇಟ್ಟದ್ದಲ್ಲ. ನಿಶಿಕಾಡೊ ಅದನ್ನು ಕಂಡರು, ಇಷ್ಟಪಟ್ಟರು, ಹಾಗೆಯೇ ಉಳಿಸಿಕೊಂಡರು. ಮರದಲ್ಲಿ ಸಿಕ್ಕ ಗಂಟನ್ನು ಬೊಂಬೆಯ ಹೊಟ್ಟೆಯ ಗುಂಡಿಯಾಗಿಸುವ ಕೈಚಳಕ ಇದು.

ಮನೆಗಳಲ್ಲಿ ಸ್ಥಿತಿ ಇನ್ನೂ ಬಿಗಿ. 1977ರಲ್ಲಿ ಬಂದ ಅಟಾರಿ 2600 ಪೆಟ್ಟಿಗೆಯ ನೆನಪಿನ ಶಕ್ತಿ 128 ಬೈಟ್. ಇಂದು ಮೊಬೈಲಿನಲ್ಲಿ ಕನ್ನಡದ ಒಂದು ಅಕ್ಷರ ಚಿಹ್ನೆ ಸಾಮಾನ್ಯವಾಗಿ 3 ಬೈಟ್ ಜಾಗ ತೆಗೆದುಕೊಳ್ಳುತ್ತದೆ. ಅಂದರೆ ಅಟಾರಿಯ ಇಡೀ ನೆನಪಿನಲ್ಲಿ ಕನ್ನಡದ ಒಂದು ಉದ್ದನೆಯ ವಾಕ್ಯವೂ ಹಿಡಿಸುವುದಿಲ್ಲ. ಪೂರ್ತಿ ಪರದೆಯ ಚಿತ್ರವನ್ನು ಒಮ್ಮೆಗೇ ಇಟ್ಟುಕೊಳ್ಳಲು ಜಾಗ ಎಲ್ಲಿಂದ ಬರಬೇಕು? ಹಳೆಯ ಟಿವಿಯ ಕಿರಣ ಗಾಜಿನ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿರುವಾಗಲೇ, ಮುಂದಿನ ಗೆರೆಯಲ್ಲಿ ಏನು ಬರಬೇಕೆಂದು ಪ್ರೋಗ್ರಾಮು ಆ ಕ್ಷಣಕ್ಕೆ ಹೇಳಿಕೊಡಬೇಕಿತ್ತು. ಒಂದು ಚಣ ತಡವಾದರೆ ಚಿತ್ರ ಹರಿದುಹೋಗುತ್ತಿತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುವ ಕೈಗೆ ಈ ಅವಸರ ಅರ್ಥವಾಗುತ್ತದೆ. ಅಲ್ಲಿಯೂ ತಿಕ್ಕಾಟದ ಬಿಸಿ ಇರುವಷ್ಟು ಹೊತ್ತು ಮಾತ್ರ ಅರಗು ಕರಗುತ್ತದೆ, ಬಣ್ಣ ಹಿಡಿಯುತ್ತದೆ.

ಮಾರಿಯೋನ ಮೀಸೆಯ ವಿಚಾರವೂ ಇದೇ. 1981ರ ‘ಡಾಂಕಿ ಕಾಂಗ್’ ಆಟಕ್ಕೆ ಶಿಗೆರು ಮಿಯಾಮೊಟೊ ನಾಯಕನನ್ನು ಬಿಡಿಸುವಾಗ ಸಿಕ್ಕಿದ್ದು ಒಂದು ಪುಟ್ಟ ಚೌಕ, ಅದರೊಳಗೆ ಕೆಲವೇ ಚುಕ್ಕಿಗಳು. ಬಾಯಿ ಬಿಡಿಸಲು ಎಡೆಯಿಲ್ಲ, ಹಾಗಾಗಿ ದಪ್ಪ ಮೀಸೆ. ಕೂದಲು ಬಿಡಿಸುವುದು ಕಷ್ಟ, ಹಾಗಾಗಿ ಟೋಪಿ. ಕೈ ಬೀಸಿದ್ದು ಕಾಣಬೇಕು, ಹಾಗಾಗಿ ಅಂಗಿಯ ಮೇಲೆ ಬೇರೆ ಬಣ್ಣದ ಉಡುಪು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಆಡುತ್ತ ಬೆಳೆದ ಎಷ್ಟೋ ಮಂದಿ ಇದನ್ನು ದೊಡ್ಡವರಾದ ಮೇಲೆ ಕಂಡು ಬೆರಗಾಗಿದ್ದಾರೆ.

ಚನ್ನಪಟ್ಟಣದ ಸುತ್ತಿನ ಸೀಮೆಗೆ ಕಂಪ್ಯೂಟರಿನ ಪೂರ್ವಜರ ಜೊತೆ ಇನ್ನೊಂದು ನಂಟು ಕಟ್ಟಬಹುದು, ಅದು ರೇಷ್ಮೆಯದು. ಕನಕಪುರ, ಮಾಗಡಿ ಕಡೆಯ ರೈತರು ಹಿಪ್ಪುನೇರಳೆ ಬೆಳೆದು ಹುಳ ಸಾಕುತ್ತಾರೆ; ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ದೇಶಕ್ಕೇ ಗೊತ್ತು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಜೋಸೆಫ್ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ರೇಷ್ಮೆ ಬಟ್ಟೆಯ ಚಿತ್ತಾರವನ್ನು ತೂತು ಕೊರೆದ ರಟ್ಟುಗಳು ನಿರ್ಧರಿಸುತ್ತಿದ್ದವು. ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಆ ರಟ್ಟಿನ ಉಪಾಯವನ್ನೇ ಚಾರ್ಲ್ಸ್ ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರಕ್ಕೆ ಎರವಲು ತಂದರು, ಆಮೇಲೆ ಕಂಪ್ಯೂಟರುಗಳು ದಶಕಗಳ ಕಾಲ ತೂತಿನ ಕಾರ್ಡುಗಳನ್ನೇ ಓದಿದವು. ಸೆರಗಿನ ಹೂವನ್ನು ಹತ್ತಿರದಿಂದ ನೋಡಿದರೆ ಅದೂ ಚೌಕ ಚುಕ್ಕಿಗಳ ಚಿತ್ರವೇ.

ಜಪಾನಿನ ಎಳೆ ಇನ್ನೂ ಗಟ್ಟಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗರು ಬೊಂಬೆ ಕೆಲಸ ಕಲಿಸಿದರೆಂಬುದು ಚನ್ನಪಟ್ಟಣದ ಪರಂಪರೆಯ ಮಾತು. ಅದರ ಜೊತೆಗೇ ಊರು ನೆನೆಯುವ ಹೆಸರು ಬಾವಾಸ್ ಮಿಯಾ. ಜಪಾನಿನ ಬೊಂಬೆಗಳ ತಂತ್ರವನ್ನು ತಂದು ಇಲ್ಲಿಯವರಿಗೆ ಕಲಿಸಿದರೆಂದು ಅವರನ್ನು ಚನ್ನಪಟ್ಟಣದ ಬೊಂಬೆಗಳ ಪಿತಾಮಹ ಎನ್ನುತ್ತಾರೆ. ಬೆಳ್ಳನೆಯ, ಹದವಾದ ಆಲೆ ಮರ. ಅರಿಸಿನ, ನೀಲಿಯಂಥ ಗಿಡಮೂಲದ ಬಣ್ಣ ಬೆರೆಸಿದ ಅರಗು. ಕೊನೆಗೆ ಹೊಳಪು ಕೊಡಲು ಅಲ್ಲಿ ತಾಳೆಗರಿ ಎನ್ನುವ, ಕೇದಗೆಯ ಜಾತಿಯ ಎಲೆ. ಹಸುಗೂಸು ಬಾಯಿಗಿಟ್ಟುಕೊಂಡರೂ ಹೆದರಬೇಕಿಲ್ಲದ ಆಟಿಕೆ.

ಅದೇ ಜಪಾನಿನಲ್ಲಿ, ಕ್ಯೋಟೊ ನಗರದಲ್ಲಿ, 1889ರಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆ ಮಾಡುವ ಪುಟ್ಟ ಅಂಗಡಿಯೊಂದು ತೆರೆದಿತ್ತು. ಹೆಸರು ನಿಂಟೆಂಡೊ. ಅದರ ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಗುನ್ಪೆ ಯೊಕೊಯ್ ಬಿಡುವಿನಲ್ಲಿ ತಮಗಾಗಿ ಮಾಡಿಕೊಂಡಿದ್ದ ಹಿಗ್ಗುವ ಕೈ 1966ರಲ್ಲಿ ಮಾರಾಟಕ್ಕೆ ಬಂದು ಗೆದ್ದಿತು. ಆಮೇಲೆ ಅವರು 1980ರ ‘ಗೇಮ್ ಆ್ಯಂಡ್ ವಾಚ್’ ಮಾಡಿದರು, 1989ರ ‘ಗೇಮ್ ಬಾಯ್’ ಮಾಡಿದರು. ಹೊಸ, ದುಬಾರಿ ಚಿಪ್ಪಿನ ಹಿಂದೆ ಓಡುವುದು ಅವರ ದಾರಿಯಾಗಿರಲಿಲ್ಲ. ಚೆನ್ನಾಗಿ ಪಳಗಿದ, ಅಗ್ಗವಾದ ಸಾಮಗ್ರಿಯಿಂದ ಹೊಸ ಆಟ ಹೊರಡಿಸುವುದನ್ನೇ ಅವರು ನಂಬಿದ್ದರು. ಬೊಂಬೆ ಮಾಡುವವರ ಪಕ್ಕದಲ್ಲಿ ಕೂರಿಸಬೇಕಾದ ಮನುಷ್ಯ ವಿಡಿಯೋ ಗೇಮ್ ಲೋಕದಲ್ಲಿ ಯಾರಾದರೂ ಇದ್ದರೆ ಅದು ಯೊಕೊಯ್.

ಭಾರತಕ್ಕೆ ಈ ಆಟಗಳು ಬಂದ ಹಾದಿ ನೇರವಾಗಿರಲಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಆರಂಭದಲ್ಲಿ 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತು. ದೇಶದ ಮಟ್ಟಿಗೆ ಅದು ಸಾಸಿವೆ ಕಾಳಿನಷ್ಟು. ಮನೆಗೆ ಕೊಳ್ಳುವವರಿಗಾಗಿ ಇಂಗ್ಲೆಂಡಿನ ‘ಸ್ಪೆಕ್ಟ್ರಮ್’ ಕಂಪ್ಯೂಟರ್ ಪುಣೆಯಲ್ಲಿ ಜೋಡಣೆಯಾಗಿ ಸಿಗುತ್ತಿತ್ತು. ಅದಕ್ಕೆ ಆಟವನ್ನು ತುಂಬುತ್ತಿದ್ದುದು ಹಾಡು ಕೇಳುವ ಟೇಪ್ ರೆಕಾರ್ಡರಿನಿಂದ. ಕೀ ಎಂದು ಚೀರುವ ಸದ್ದನ್ನು ನಿಮಿಷಗಟ್ಟಲೆ ಕೇಳಿಸಿಕೊಂಡ ಮೇಲೆ ಪರದೆಯಲ್ಲಿ ಆಟ ಏಳುತ್ತಿತ್ತು.

ಸಣ್ಣ ಪಟ್ಟಣಗಳಿಗೆ ವಿಡಿಯೋ ಗೇಮ್ ನಿಜವಾಗಿ ತಲುಪಿದ್ದು 1990ರ ದಶಕದಲ್ಲಿ, ಅದೂ ನಕಲಿನ ರೂಪದಲ್ಲಿ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ‘ಫ್ಯಾಮಿಕಾಂ’ ಯಂತ್ರವನ್ನು ತೈವಾನ್, ಚೀನಾಗಳಲ್ಲಿ ಅಗ್ಗದ ಚಿಪ್ಪಿಗೆ ಇಳಿಸಿ ಮಾಡಿದ ಪೆಟ್ಟಿಗೆಗಳು ‘ಲಿಟಲ್ ಮಾಸ್ಟರ್’ನಂಥ ಹೆಸರುಗಳಲ್ಲಿ ಬಂದವು. ಟಿವಿಯ ಆ್ಯಂಟೆನಾ ವೈರು ಕಿತ್ತು ಗೇಮಿನ ವೈರು ಚುಚ್ಚಬೇಕು, ಚಾನೆಲ್ ತಿರುಗಿಸಿ ತಿರುಗಿಸಿ ಚಿತ್ರ ಹಿಡಿಯಬೇಕು. ಆಟದ ತುಂಡಿಗೆ ಎಲ್ಲರೂ ‘ಕ್ಯಾಸೆಟ್’ ಎನ್ನುತ್ತಿದ್ದರು. ಒಳಗೆ ಟೇಪೂ ಇಲ್ಲ, ಉರುಳೆಯೂ ಇಲ್ಲ, ಒಂದು ಹಲಗೆ, ಒಂದು ಚಿಪ್ಪು ಅಷ್ಟೆ. ಆದರೂ ಆ ಹೆಸರೇ ಇಂದಿಗೂ ಉಳಿದಿದೆ. ಆಟ ಬಾರದಿದ್ದರೆ ಕ್ಯಾಸೆಟ್ ತೆಗೆದು ಅದರ ಬಾಯಿಗೆ ಉಫ್ ಎಂದು ಊದುವುದು. ಕೆಲಸ ಮಾಡುತ್ತಿದ್ದುದು ಊದಿದ್ದಲ್ಲ, ತೆಗೆದು ಮತ್ತೆ ಚುಚ್ಚಿದ್ದು; ಉಸಿರಿನ ತೇವ ತಾಮ್ರದ ಹಲ್ಲುಗಳಿಗೆ ಕೇಡೇ. ‘9999 ಇನ್ 1’ ಎಂದು ಬರೆದ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಅವೇ ಹೆಸರು ಬದಲಿಸಿಕೊಂಡು, ಬೇರೆ ಹಂತದಿಂದ ಶುರುವಾಗುತ್ತ ಪಟ್ಟಿ ಬೆಳೆಸುತ್ತಿದ್ದವು.

ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಆಟದ ಬಂದೂಕು ಮಾತ್ರ ಮನೆಮಂದಿಯನ್ನೆಲ್ಲ ಬೆರಗಾಗಿಸಿತ್ತು. ಗಾಜಿನ ಕಡೆಗೆ ಗುರಿಯಿಟ್ಟು ಕುದುರೆ ಎಳೆದರೆ ಹಕ್ಕಿ ಬೀಳುತ್ತದೆ, ಹೇಗೆ? ಬಂದೂಕಿನಿಂದ ಏನೂ ಹೊರಡುವುದಿಲ್ಲ. ಅದು ಬೆಳಕನ್ನು ನೋಡುವ ಕಣ್ಣು. ಕುದುರೆ ಎಳೆದ ಕೂಡಲೇ ಪರದೆ ಕಣ್ಣೆವೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಹಕ್ಕಿಯಿದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಾಗಿತು ಎಂದು ಲೆಕ್ಕ. ಮೊದಲು ಕತ್ತಲೆಯನ್ನೂ ನೋಡಬೇಕು, ಇಲ್ಲವಾದರೆ ಬಲ್ಬಿನ ಕಡೆ ಹಿಡಿದು ಹೊಡೆದವರೂ ಗೆಲ್ಲುತ್ತಿದ್ದರು. ಈ ಬಂದೂಕು ಇಂದಿನ ಚಪ್ಪಟೆ ಟಿವಿಗಳಲ್ಲಿ ಕೆಲಸ ಮಾಡುವುದಿಲ್ಲ. ಅದರ ಲೆಕ್ಕಾಚಾರವೆಲ್ಲ ಹಳೆಯ ಟಿವಿಯ ಕಿರಣದ ಓಟಕ್ಕೆ ಹೊಂದಿಸಿದ್ದು.

ಇದೇ ಅಗ್ಗದ ಪ್ಲಾಸ್ಟಿಕ್ ಅಲೆ ಚನ್ನಪಟ್ಟಣದ ಬೊಂಬೆಗಳಿಗೆ ಪೆಟ್ಟು ಕೊಟ್ಟಿತೆಂಬುದನ್ನು ಮರೆಯುವಂತಿಲ್ಲ. ಗೇಮಿನ ಡಬ್ಬಿ ಬಂದ ಮಾರುಕಟ್ಟೆಯಲ್ಲೇ ಚೀನಾದ ಕಾರು, ಪಿಸ್ತೂಲುಗಳೂ ಬಂದವು. ಎಷ್ಟೋ ಲೇತುಗಳು ನಿಂತವು, ಕಲಿತ ಕೈಗಳು ಬೇರೆ ಕೂಲಿಗೆ ಹೋದವು. ನಕಲನ್ನು ತಡೆಯಲು 2005-06ನೇ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು ಸಿಕ್ಕಿತು. ಅಷ್ಟು ಹೊತ್ತಿಗೆ ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ವಿಡಿಯೋ ಗೇಮ್ ತಯಾರಿಸುವವರೂ ಬೇರುಬಿಟ್ಟಿದ್ದರು. ರಾಜೇಶ್ ರಾವ್ ಕಟ್ಟಿದ ‘ಧ್ರುವ ಇಂಟರಾಕ್ಟಿವ್’ 1997ರಿಂದ ಈ ಕೆಲಸಕ್ಕಿಳಿದು, ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದೆಂದು ಹೆಸರಾಯಿತು. 2019ರಲ್ಲಿ ಗೇಮ್ ಕಂಪನಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಕಾರು, ಕಟ್ಟಡ, ಮನುಷ್ಯರ ಮುಖಗಳನ್ನು ಕಂಪ್ಯೂಟರಿನಲ್ಲಿ ಮೂಡಿಸುವ ಕೆಲಸದಲ್ಲಿ ಅಲ್ಲಿಯ ಕಲಾವಿದರ ಕೈ ಪಳಗಿತ್ತು. ಅವರಿಗೆ ಚುಕ್ಕಿಗಳ ಬರ ಇರಲಿಲ್ಲ.

ಅಮೆರಿಕದ ರಾಚೆಸ್ಟರ್ ನಗರದಲ್ಲಿ ಆಟಕ್ಕೆಂದೇ ಮೀಸಲಾದ ‘ದಿ ಸ್ಟ್ರಾಂಗ್’ ಎಂಬ ವಸ್ತುಸಂಗ್ರಹಾಲಯವಿದೆ. ಅಲ್ಲಿನ ವಿಡಿಯೋ ಗೇಮ್ ಗೌರವ ಪಟ್ಟಿಗೆ 2015ರಲ್ಲಿ ಮೊದಲ ಸಾಲಿನಲ್ಲೇ ಪಾಂಗ್, ಪ್ಯಾಕ್‌ಮ್ಯಾನ್, ಟೆಟ್ರಿಸ್, ಸೂಪರ್ ಮಾರಿಯೋ ಸೇರಿದವು. ಅದೇ ಸೂರಿನಡಿ ಆಟಿಕೆಗಳ ಗೌರವ ಪಟ್ಟಿಯೂ ಇದೆ. ಅದಕ್ಕೆ ಅಟಾರಿ 2600 ಸೇರಿದ್ದು 2007ರಲ್ಲಿ, ಮರದ ಕೋಲು 2008ರಲ್ಲಿ. ಬುಗುರಿಯ ಸರದಿ ಬಂದದ್ದು 2022ರಲ್ಲಿ, ಅಟಾರಿಗಿಂತ 15 ವರ್ಷ ತಡವಾಗಿ. ಚನ್ನಪಟ್ಟಣದ ಅಂಗಡಿಗಳಲ್ಲಿ ಬುಗುರಿ ಇಂದಿಗೂ ಸಿಗುತ್ತದೆ: ಅಂಗೈಯಲ್ಲಿ ಹಿಡಿಸುವಷ್ಟು ಆಲೆ ಮರ, ಸುತ್ತಲೂ ಹಳದಿ, ಕೆಂಪು, ಹಸಿರು ಅರಗಿನ ಪಟ್ಟೆ. ಅದನ್ನು ಕಡೆದ ಲೇತಿನ ಮೇಲೆ ತಿರುಗಿದಂತೆಯೇ ಅದು ನೆಲದ ಮೇಲೂ ತಿರುಗುತ್ತದೆ.